ಸ್ಟೇಷನ್ನು ಆರುನೂರು ಅಡಿ ಈಚೆಗೆ

ನಮ್ಮ ಭಾವ ಸಿದ್ದಬಸಪ್ಪನವರು ಜೀವಮಾನದಲ್ಲಿ ಬರೆದ ಅರ್ಜಿಗಳು ಮುನ್ನೂರಕ್ಕೆ ಕಡಿಮೆಯಿಲ್ಲ. ಅವುಗಳಲ್ಲಿ ಸರ್ಕಾರ ಕಿವಿಗೆ ಹಾಕಿಕೊಂಡದ್ದು ನಾಲ್ಕೇ ನಾಲ್ಕು. ಮೊದಲ ಮೂರಕ್ಕೆ ಬೀದಿಯವರೆಲ್ಲ ಅವರನ್ನು ಹೊಗಳಿ ಹೊನ್ನಶೂಲಕ್ಕೇರಿಸಿದರು. ನಾಲ್ಕನೆಯದು ಮಂಜೂರಾಯಿತು ಎಂಬ ಮಾತು ಬಿದ್ದಾಗ ನಾನು ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಅವತ್ತಿನ ದಿಗಿಲು ಇವತ್ತಿಗೂ ಪೂರ್ತಿ ಇಳಿದಿಲ್ಲ. ಯಾಕೆಂದರೆ ಆ ಅರ್ಜಿಯನ್ನು ಟೈಪು ಮಾಡಿದವನು ನಾನು.

ನನ್ನ ಹೆಸರು ಈಶ್ವರ್. ಚಾಮರಾಜಪೇಟೆಯಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಸರ್ವಮಂಗಳಾ ನನ್ನ ಅಕ್ಕ. ಅವಳನ್ನು ಮದುವೆಯಾದ ಸಿದ್ದಬಸಪ್ಪನವರ ಮನೆತನ ಮೂರು ತಲೆಮಾರಿನಿಂದ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿದ್ದು. ಭಾವನಿಗೆ ಮಾತ್ರ ಆ ವಿದ್ಯೆ ಹತ್ತಲಿಲ್ಲ. ಸೀರೆ ಕೊಳ್ಳಲು ಬಂದವರಿಗೆ, 'ಈ ಬಣ್ಣ ಎರಡನೇ ಒಗೆತಕ್ಕೆ ಹೋಗುತ್ತದೆ' ಎಂದು ತಾವಾಗಿ ಹೇಳುವ ಮನುಷ್ಯನನ್ನು ಯಾವ ಅಂಗಡಿಯಲ್ಲಿ ಕೂರಿಸುತ್ತಾರೆ? ಅವರಪ್ಪ ತಲೆ ಚಚ್ಚಿಕೊಂಡು ಚಿಕ್ಕಪೇಟೆಯ ವರ್ತಕರ ಸಂಘವೊಂದರಲ್ಲಿ ಗುಮಾಸ್ತಿಕೆ ಕೊಡಿಸಿದರು. ಅಲ್ಲಿ ಕೆಲಸವೆಂದರೆ ವರ್ತಕರ ಪರವಾಗಿ ಆಫೀಸು ಆಫೀಸಿಗೆ ಅರ್ಜಿ ಬರೆಯುವುದು. ಭಾವ ಅದರಲ್ಲಿ ಎಷ್ಟು ಪಳಗಿದರೆಂದರೆ, ಕೆಲಸ ಮುಗಿದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮುಂಚೆ ಒಂದು ಹಾಳೆ ಎಳೆದುಕೊಂಡು ಕೂರುವರು. ಬೀದಿದೀಪ ಉರಿಯುವುದಿಲ್ಲ, ನಲ್ಲಿಯಲ್ಲಿ ಹುಳ ಬರುತ್ತದೆ, ಪೋಸ್ಟ್ ಡಬ್ಬಕ್ಕೆ ತುಕ್ಕು ಹಿಡಿದಿದೆ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದು ಅಕ್ಕ ಕಾಫಿ ಲೋಟ ಕುಕ್ಕುತ್ತಿದ್ದಳು. ಆದರೆ ಅವಳ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

ತೊಂಬತ್ತೊಂದರಲ್ಲಿ ಅವರು ಚಾಮರಾಜಪೇಟೆಯ ವಠಾರದಲ್ಲಿ ಬಾಡಿಗೆಗಿದ್ದಾಗ ಮನೆ ಹತ್ತಿರದ ಬಸ್ ಸ್ಟಾಪು ಸರಿಯಾಗಿ ಮೋರಿಯ ಬಾಯಲ್ಲಿತ್ತು. ಭಾವ ಬೀದಿಯವರ ಸಹಿ ಹಾಕಿಸಿ ಎರಡು ವರ್ಷ ಪಟ್ಟು ಹಿಡಿದು ಬರೆದರು. ಒಂದು ದಿನ ಇಬ್ಬರು ಆಳುಗಳು ಬಂದು ಬೋರ್ಡಿನ ಕಂಬ ಕಿತ್ತು, ನಲವತ್ತು ಅಡಿ ಆಚೆ ಹೊಂಗೆ ಮರದ ಕೆಳಗೆ ನೆಟ್ಟು ಹೋದರು. ಅಷ್ಟೇ. ಅಂದಿನಿಂದ ಭಾವನಿಗೆ ಒಂದು ನಂಬಿಕೆ ತಲೆಯಲ್ಲಿ ಕೂತುಬಿಟ್ಟಿತು. ಬರೆದರೆ ಸರಿಯುತ್ತದೆ. ಜನಕ್ಕೂ ಒಂದು ನಂಬಿಕೆ ಬಂತು. ಸಿದ್ದಬಸಪ್ಪನವರು ಹಾಳೆ ಹಿಡಿದು ಬಂದರೆ ಓದುವುದೇನಿದೆ, ಸಹಿ ಹಾಕುವುದೇ.

ಅಕ್ಕ ಜಯನಗರದ ಒಂದು ಅನುದಾನಿತ ಶಾಲೆಯಲ್ಲಿ ಟೀಚರು. ತೊಂಬತ್ನಾಲ್ಕರ ಜೂನ್‌ನಲ್ಲಿ ಮಾರ್ಕೆಟ್ ಹತ್ತಿರ ಬಸ್ಸು ಬದಲಾಯಿಸುವಾಗ ಫುಟ್‌ಬೋರ್ಡಿನಿಂದ ಬಿದ್ದಳು. ಮೊಣಕಾಲಿನ ಮೂಳೆ ಚೂರಾಗಿ ಒಳಗೆ ಲೋಹದ ಪಟ್ಟಿ ಕೂರಿಸಿದರು. ಆಮೇಲೆ ಅವಳು ಸಮನೆಲದ ಮೇಲೆ ನಡೆಯುತ್ತಿದ್ದಳು, ಇಳಿಜಾರಿನಲ್ಲಿ ಹೇಗೋ ಇಳಿಯುತ್ತಿದ್ದಳು, ಆದರೆ ಏರು ಬಂದರೆ ಮುಗಿಯಿತು. ಬಸ್ಸಿನ ಮೊದಲ ಮೆಟ್ಟಿಲು ಅವಳ ಪಾಲಿಗೆ ಬೆಟ್ಟ. 'ಬೇಗ ಹತ್ತಮ್ಮಾ, ಮನೇಲಿ ಕೂತ್ಕೊಳೋದಲ್ವಾ' ಎಂದು ಕಂಡಕ್ಟರು ಶಿಳ್ಳೆ ಊದುವನು. ಭಾವ ದಿನಾ ಬೆಳಿಗ್ಗೆ ಅವಳ ಜೊತೆ ಬಂದು, ರಟ್ಟೆ ಹಿಡಿದು ಹತ್ತಿಸಿ, ಆಮೇಲೆ ತಮ್ಮ ಆಫೀಸಿನ ದಾರಿ ಹಿಡಿಯುವರು. ಆಸ್ಪತ್ರೆಯಲ್ಲಿ ಅವಳು ಮಲಗಿದ್ದಾಗಲೇ ಅವರು ಮಾತು ಕೊಟ್ಟಿದ್ದರು: 'ನೀನು ರಿಟೈರ್ ಆಗೋದ್ರೊಳಗೆ ಬಸ್ ಹತ್ತೋದನ್ನ ತಪ್ಪಿಸ್ತೀನಿ ಮಂಗಳಾ.'

ಆಗ ಪೇಪರಿನಲ್ಲಿ ಲೈಟ್ ರೈಲಿನ ಸುದ್ದಿ ಬರತೊಡಗಿತು. ರಸ್ತೆಯ ಮೇಲೆ ಕಂಬ ನಿಲ್ಲಿಸಿ, ಕಂಬದ ಮೇಲೆ ಸಣ್ಣ ಸಣ್ಣ ರೈಲು ಓಡಿಸುತ್ತಾರಂತೆ. ಒಂದು ಭಾನುವಾರ ಗೆರೆ ಎಳೆದ ನಕ್ಷೆಯೇ ಅಚ್ಚಾಯಿತು. ಭಾವ ಅದನ್ನು ಕತ್ತರಿಸಿಕೊಂಡು ನನ್ನ ಅಂಗಡಿಗೆ ಓಡಿಬಂದರು.

'ಈಶ್ವರಾ, ಇದನ್ನ ದೊಡ್ಡದು ಮಾಡಿ ಜೆರಾಕ್ಸ್ ತೆಗಿ. ಈ ರೈಲಿಗೆ ಮೆಟ್ಲೇ ಇರಲ್ವಂತೆ ಕಣೋ. ಪ್ಲಾಟ್‌ಫಾರಮ್ಮು, ಡಬ್ಬಿ ಎರಡೂ ಒಂದೇ ಮಟ್ಟ. ಮೇಲಕ್ಕೆ ಹೋಗೋಕೆ ಲಿಫ್ಟು. ನಿಮ್ಮಕ್ಕ ಹೊಸಲು ದಾಟಿದ ಹಾಗೆ ದಾಟಿ ಹೋಗ್ಬಹುದು.'

'ಭಾವ, ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸ್ತಿದೀರಲ್ಲ.'

'ಹುಟ್ಟಿದ ಮೇಲೆ ಹೊಲಿಸೋಕೆ ಹೋದ್ರೆ ಬಟ್ಟೆ ಸಿಗಲ್ಲ. ರೈಲು ಬಂದ್ಮೇಲೆ ಅಲ್ಲಿ ನಮ್ಮಂಥೋರಿಗೆ ಮನೆ ಎಟುಕುತ್ತಾ?'

ಆ ಮಾತು ಸರಿಯೇ ಇತ್ತು. ಅಲ್ಲಿಂದ ಮುಂದೆ ಎಂಟು ತಿಂಗಳು ಪ್ರತಿ ಭಾನುವಾರ ನನ್ನ ಸ್ಕೂಟರಿನ ಹಿಂದೆ ಭಾವ, ಭಾವನ ಜೇಬಿನಲ್ಲಿ ನಕ್ಷೆ. ಬಸವನಗುಡಿಯಲ್ಲಿ ನೋಡಿದ ಮನೆಗಳು ನಮ್ಮ ಕೈಗೆ ಎಟುಕುವಂಥವಾಗಿರಲಿಲ್ಲ. ಬಿನ್ನಿಪೇಟೆಯಲ್ಲಿ ಒಂದು ಒಪ್ಪಿಗೆಯಾಗಿತ್ತು, ಅದರ ಕಾಗದಪತ್ರ ಅಣ್ಣತಮ್ಮಂದಿರ ನಡುವೆ ಕೋರ್ಟಿನಲ್ಲಿತ್ತು. ಗಾಂಧಿನಗರದ ಗಲಾಟೆಯಲ್ಲಿ ಸಂಸಾರ ಮಾಡುವುದು ಆಗದ ಮಾತು. ಮತ್ತಿಕೆರೆಯಲ್ಲಿ ಮನೆ ತೋರಿಸಿದವನು ಮಹಡಿಯನ್ನು ಓದುವ ಹುಡುಗರಿಗೆ ಕೊಟ್ಟು ನಾಲ್ಕು ಕಾಸು ಮಾಡಿ ಎಂದ. ಭಾವ ನಕ್ಷೆ ಬಿಚ್ಚಿ ಗೆರೆ ಎಷ್ಟು ದೂರವೆಂದು ತೋರಿಸಿ, ಅವನಿಗೇ ಬುದ್ಧಿ ಹೇಳಿ ಬಂದರು.

ಒಂದು ಸಲ ಅಕ್ಕನನ್ನೂ ಕರೆದೊಯ್ದಿದ್ದೆವು. ಆಟೋದಲ್ಲಿ ವಾಪಸು ಬರುವಾಗ ಅವಳು, 'ಇಷ್ಟೆಲ್ಲ ಯಾಕ್ರೀ? ಶಾಲೆ ಹಿಂದಿನ ಬೀದೀಲೇ ಒಂದು ಬಾಡಿಗೆ ಮನೆ ನೋಡಿದ್ರೆ ನಡ್ಕೊಂಡೇ ಹೋಗ್ತೀನಿ' ಎಂದಳು. ನಾವಿಬ್ಬರೂ ನಕ್ಕೆವು. ಎಷ್ಟು ದಿನ ಬಾಡಿಗೆ ಮನೆ, ಸ್ವಂತದ್ದು ಬೇಡವೇ ಎಂದೆವು. ಆ ನಗು ನೆನೆಸಿಕೊಂಡರೆ ಈಗ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕೊನೆಗೆ ಸೊಣ್ಣಪ್ಪ ಎಂಬ ಮನೆ ಬ್ರೋಕರು ಮಲ್ಲೇಶ್ವರದ ಕೆಳಗಿನ ಅಂಚಿನಲ್ಲಿ, ಶ್ರೀರಾಮಪುರದ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ ಮನೆ ತೋರಿಸಿದ. ಹಿಂದೆ ಮಿಲ್ಲಿನವರು ಕಟ್ಟಿಕೊಂಡ ಸಣ್ಣ ಸಣ್ಣ ಮನೆಗಳು. ಕೆಂಪು ಗಾರೆ ನೆಲ, ಮುಂದೆ ಜಗಲಿ, ಅಡುಗೆಮನೆಗೆ ಪೂರ್ವಕ್ಕೆ ಕಿಟಕಿ. ನಕ್ಷೆಯ ಗೆರೆ ಅಡ್ಡರಸ್ತೆಯ ಬಾಯಿಯಲ್ಲಿನ ದೊಡ್ಡ ರಸ್ತೆಯ ಮೇಲೇ ಹೋಗುತ್ತಿತ್ತು.

'ಭಾವ, ಚಾಮರಾಜಪೇಟೆಯಿಂದ ಶಾಲೆ ಎಷ್ಟು ದೂರ, ಇಲ್ಲಿಂದ ಎಷ್ಟು ದೂರ? ಶಾಲೆಗೆ ಇನ್ನೂ ದೂರಾನೇ ಹೋಗ್ತಿದೀರಿ' ಎಂದೆ.

'ದೂರ ಲೆಕ್ಕ ಅಲ್ಲ ಕಣೋ. ಸ್ಟೇಷನ್ ಲೆಕ್ಕ' ಎಂದರು.

ತೊಂಬತ್ತೇಳರಲ್ಲಿ ಗೃಹಪ್ರವೇಶವಾಯಿತು. ಹಾಲು ಉಕ್ಕಿದಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಲವತ್ತು ವರ್ಷಕ್ಕೆ ಮೊದಲ ಸಲ ಅವಳದೇ ಎನ್ನುವ ಅಡುಗೆಮನೆ. ಎದುರು ಮನೆಯ ವೆಂಕಟಾಚಲ ಅವರು, ರಿಟೈರಾದ ಮೇಷ್ಟ್ರು, ಹೆಂಡತಿ ಚೂಡಾಮಣಿಯವರ ಜೊತೆ ಬಂದು ಕೋಸಂಬರಿ ತಿಂದು ಹರಸಿದರು. ಪಕ್ಕದ ಮನೆಯ ತುಳಸಮ್ಮ ಒಂದು ಮಾರು ಮಲ್ಲಿಗೆ ತಂದಳು. ಅವಳ ಗಂಡ ಮಿಲ್ಲಿನಲ್ಲಿದ್ದು ತೀರಿಕೊಂಡವನು. ಎರಡು ಕೋಣೆಯ ಹೆಂಚಿನ ಮನೆಯೊಂದೇ ಅವನು ಬಿಟ್ಟುಹೋದದ್ದು. ಬೆಳಗಿನ ಜಾವ ಹೂವು ತಂದು, ಜಗಲಿಯ ಮೇಲೆ ಕೂತು ಕಟ್ಟಿ, ಮಲ್ಲೇಶ್ವರದ ಮಾರ್ಕೆಟ್ಟಿಗೆ ಬುಟ್ಟಿ ಹೊತ್ತುಕೊಂಡು ನಡೆದುಹೋಗಿ ಮಾರುವುದು ಅವಳ ಜೀವನ.

ಮನೆ ಆಯಿತು. ರೈಲು ಮಾತ್ರ ಬರಲಿಲ್ಲ.

ಒಂದು ವರ್ಷ ಸುದ್ದಿ ಬಂತು, ಎರಡನೇ ವರ್ಷ ಆಗೊಮ್ಮೆ ಈಗೊಮ್ಮೆ ಬಂತು, ಆಮೇಲೆ ನಿಂತೇಹೋಯಿತು. ಲೈಟ್ ರೈಲೆಂಬ ಮಾತನ್ನೇ ಊರು ಮರೆತುಬಿಟ್ಟಿತು. ಭಾವ ಆರು ತಿಂಗಳಿಗೊಂದು ಅರ್ಜಿ ಬರೆದರು, ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಅಕ್ಕ ಈಗ ಎರಡು ಬಸ್ಸಿನ ಬದಲು ಮೂರು ಬಸ್ಸು ಹತ್ತುತ್ತಿದ್ದಳು. ಅವಳು ಹಾಗೆ ಹತ್ತಿ ಇಳಿದದ್ದು ಒಂಬತ್ತು ವರ್ಷ! ಒಂದು ದಿನವೂ ಗಂಡನಿಗೆ ಎದುರಾಡಲಿಲ್ಲ. ನಾನಾಗಿದ್ದರೆ ಆ ನಕ್ಷೆಯನ್ನು ಒಲೆಗೆ ಹಾಕುತ್ತಿದ್ದೆ.

ಹೀಗಿರುವಾಗ ಎರಡು ಸಾವಿರದ ಆರರಲ್ಲಿ ಮತ್ತೆ ರೈಲಿನ ಸುದ್ದಿ. ಈ ಸಲ ಹೆಸರು ಬೇರೆ, ಗಾತ್ರ ದೊಡ್ಡದು, ದಿಲ್ಲಿಯ ಒಪ್ಪಿಗೆಯೂ ಸಿಕ್ಕಿತ್ತು. ಹೊಸ ನಕ್ಷೆ ನೋಡಿ ನಾನು ನಿಜಕ್ಕೂ ಬೆಕ್ಕಸಬೆರಗಾದೆ. ಗೆರೆ ಅದೇ ದೊಡ್ಡ ರಸ್ತೆಯ ಮೇಲಿತ್ತು! ಮಲ್ಲೇಶ್ವರದಿಂದ ನೇರವಾಗಿ ಜಯನಗರ. ಭಾವ ಆ ವಾರವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದರು. ನನ್ನ ಅಂಗಡಿಗೆ ಬಂದು ಅರ್ಧ ಕೇಜಿ ಮೈಸೂರುಪಾಕು ಟೇಬಲ್ಲಿನ ಮೇಲಿಟ್ಟು, 'ಏನೋ ಅಂದಿದ್ಯಲ್ಲ, ಕೂಸು, ಕುಲಾವಿ ಅಂತ' ಎಂದರು. ನಾನು ಕೈಮುಗಿದು ತಪ್ಪೊಪ್ಪಿಕೊಂಡೆ.

ಒಂದೇ ಒಂದು ಕೊರತೆ. ಸ್ಟೇಷನ್ನಿನ ಗುರುತು ಅಕ್ಕನ ಮನೆಯ ಅಡ್ಡರಸ್ತೆಯ ಬಾಯಿಯಲ್ಲಿರಲಿಲ್ಲ. ಆರುನೂರು ಅಡಿ ಆಚೆ, ರಾಜಕಾಲುವೆ ದಾಟಿ, ಏರು ಹತ್ತಿದ ಮೇಲೆ ಒಂದು ಖಾಲಿ ಜಾಗದ ಪಕ್ಕದಲ್ಲಿತ್ತು. ಭಾವ ಹೆಜ್ಜೆ ಎಣಿಸಿ ಅಳೆದರು. ಆಮೇಲೆ ಒಂದು ಸಂಜೆ ಅಕ್ಕನನ್ನು ನಡೆಸಿ ನೋಡಿದರು. ಏರಿನ ಅರ್ಧಕ್ಕೆ ಅವಳು ರಸ್ತೆ ಬದಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ನೋವಿಗೆ ಬೆವರು ಕಿತ್ತುಬಂದಿತ್ತು.

'ಆಗಲ್ಲ ಕಣ್ರೀ, ದಿನಾ ಆಗಲ್ಲ' ಎಂದಳು.

'ನೀನೇನು ಹತ್ತೋದು ಬೇಡ. ಸ್ಟೇಷನ್ನೇ ಈಚೆಗೆ ಬರುತ್ತೆ' ಎಂದರು ಭಾವ.

ನಾನು ಅವತ್ತೇ ಅವರನ್ನು ತಡೆಯಬೇಕಿತ್ತು. ನನಗೂ ಹೊಳೆಯಲಿಲ್ಲ. ಬಸ್ ಸ್ಟಾಪನ್ನು ನಲವತ್ತು ಅಡಿ ಸರಿಸಿದವರಿಗೆ ಇದು ಅದರ ಅಣ್ಣ ಅಷ್ಟೇ ಎಂದುಕೊಂಡೆ. ಅರ್ಜಿಯ ಕರಡು ತಂದರು, ಟೈಪು ಮಾಡಿಕೊಟ್ಟೆ. 'ಸದರಿ ನಿಲ್ದಾಣವನ್ನು ಆರುನೂರು ಅಡಿ ಈಚೆಗೆ, ನಮ್ಮ ಅಡ್ಡರಸ್ತೆಯ ಬಾಯಿಗೆ ಸರಿಸಿದಲ್ಲಿ ವೃದ್ಧರು, ಅಂಗವಿಕಲರು, ಮಹಿಳೆಯರು ಹಾಗೂ ಸಮಸ್ತ ನಿವಾಸಿಗಳಿಗೆ ಮಹದುಪಕಾರವಾಗುವುದರಿಂದ' ಎಂದು ಶುರುವಾಗಿ ಎರಡು ಪುಟ. ಭಾಷೆ ಬಹಳ ಚೆನ್ನಾಗಿತ್ತು, ಒಂದು ಕಾಮಾ ಕೂಡ ನಾನು ತಿದ್ದಲಿಲ್ಲ.

ಸಹಿಗೆ ಭಾವ ಮನೆ ಮನೆ ಹತ್ತಿದರು. ಮೊದಲ ಸಹಿ ತುಳಸಮ್ಮನದು. ಅವಳಿಗೆ ಓದು ಬಾರದು, ತನ್ನ ಹೆಸರು ಬರೆಯುವುದನ್ನು ಮಾತ್ರ ಅಕ್ಕ ಕಲಿಸಿದ್ದಳು. ಹೆಬ್ಬೆಟ್ಟು ಹೋಗಿ ಸಹಿ ಬಂದ ಮೇಲೆ ಅವಳಿಗೆ ಸಹಿ ಹಾಕುವುದೆಂದರೆ ಹಬ್ಬ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ನಾಲಿಗೆ ಕಚ್ಚಿ, ನಾಲ್ಕು ಅಕ್ಷರ ಬರೆದಳು.

'ಇದ್ರಿಂದ ಏನಾಯ್ತದೆ ಬಸಪ್ಪೋರೆ?'

'ನಮ್ಮ ಮನೆ ಬಾಗಿಲಿಗೇ ರೈಲು ಬರುತ್ತಮ್ಮ. ನಿಮ್ಮ ಬುಟ್ಟಿ ಹೊತ್ಕೊಂಡು ಊರಲ್ಲಿ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು.'

'ಒಳ್ಳೇದಾಗ್ಲಿ ಬುಡಿ' ಎಂದು ಅವಳು ಮತ್ತೆ ಹೂವಿಗೆ ಕೈ ಹಾಕಿದಳು.

ವೆಂಕಟಾಚಲ ಮೇಷ್ಟ್ರು ಕನ್ನಡಕ ಹುಡುಕುವ ಗೋಜಿಗೂ ಹೋಗಲಿಲ್ಲ, 'ನೀವು ಬರ್ದಿದ್ದು ಅಂದ್ಮೇಲೆ ಮುಗೀತು' ಎಂದು ಎರಡನೇ ಸಹಿ ಗೀಚಿದರು. ಒಟ್ಟು ನಲವತ್ತೊಂದು ಸಹಿ.

ಮಾರನೇ ವರ್ಷ ಅಳತೆಯವರು ಬಂದರು. ಮುಕ್ಕಾಲಿಯ ಮೇಲೆ ದುರ್ಬೀನಿನಂಥದ್ದನ್ನು ನಿಲ್ಲಿಸಿಕೊಂಡು ನಮ್ಮ ಅಡ್ಡರಸ್ತೆಯ ಬಾಯಿಯಲ್ಲೇ ಮೂರು ದಿನ ಕೆಲಸ ಮಾಡಿದರು. ಭಾವ ರಜೆ ಹಾಕಿ ಅವರ ಹಿಂದೆ ಮುಂದೆ ಸುತ್ತಿದರು. ಅಕ್ಕನ ಕೈಲಿ ಮಜ್ಜಿಗೆ ಮಾಡಿಸಿ ಕೊಡಿಸಿದರು. ಅಳತೆಯವರು ಅಕ್ಕನ ಮನೆಯ ಕಾಂಪೌಂಡಿನೊಳಗೂ ಟೇಪು ಹಿಡಿದರು, ತುಳಸಮ್ಮನ ಜಗಲಿಗೂ ಹಿಡಿದರು, ಹೋಗುವಾಗ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ಅಕ್ಕನ ಮನೆಗೆ ನಾಲ್ಕು. ಅದು ಫುಟ್‌ಪಾತಿನ ಲೆಕ್ಕವೆಂದು ಭಾವ ಬೀದಿಗೆಲ್ಲ ವಿವರಿಸಿದರು. ಬೀದಿ ತಲೆಯಾಡಿಸಿತು.

ಹದಿನೈದು ದಿನಕ್ಕೆ ರೈಲಿನ ಕಚೇರಿಯಿಂದ ಭಾವನ ಹೆಸರಿಗೆ ಪತ್ರ ಬಂತು. ತಮ್ಮ ಮನವಿಯ ವಿಷಯವಾಗಿ ಬಂದು ಕಾಣುವುದು ಎಂದಿತ್ತು. ಭಾವ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ನನ್ನನ್ನೂ ಅಂಗಡಿ ಮುಚ್ಚಿಸಿ ಕರೆದುಕೊಂಡು ಹೋದರು. ಅಧಿಕಾರಿ ವಯಸ್ಸಿನಲ್ಲಿ ಸಣ್ಣವರು, ಬಹಳ ಮರ್ಯಾದಸ್ಥರು. ಎದ್ದು ನಿಂತು ಕೂರಿಸಿ ಕಾಫಿ ತರಿಸಿದರು.

'ಸಾರ್, ನಿಮ್ಮ ಅರ್ಜಿ ಓದಿ ನಮ್ಮ ಇಂಜಿನಿಯರುಗಳೇ ಮೆಚ್ಕೊಂಡ್ರು. ಜನ ಜಾಸ್ತಿ ಇರೋದು ನಿಮ್ಮ ಕಡೆನೇ, ನಿಜ. ಸ್ಟೇಷನ್ ನಿಮ್ಮ ಅಡ್ಡರಸ್ತೆ ಬಾಯಿಗೆ ಸರಿಸಿದೀವಿ' ಎಂದರು.

ಭಾವ ಕಣ್ಣು ಮುಚ್ಚಿ, ಅಂಗಿಯೊಳಗಿನ ಲಿಂಗವನ್ನು ಮುಟ್ಟಿಕೊಂಡರು. ಅಧಿಕಾರಿ ಟೇಬಲ್ಲಿನ ಮೇಲೆ ದೊಡ್ಡ ನಕ್ಷೆ ಹರಡಿದರು. ದೊಡ್ಡ ರಸ್ತೆಯ ಮೇಲೆ ನೀಲಿ ಗೆರೆ. ಅದರ ಪಕ್ಕದಲ್ಲಿ ನಮ್ಮ ಅಡ್ಡರಸ್ತೆಯ ಎರಡೂ ಬದಿ ಸೇರಿಸಿ ಒಂದು ಚೌಕಕ್ಕೆ ಹಳದಿ ಬಣ್ಣ ತುಂಬಿತ್ತು. ಚೌಕದೊಳಗೆ ಒಂದರಿಂದ ಏಳರವರೆಗೆ ನಂಬರು.

'ಇದೇನು ಸಾರ್?' ಎಂದು ಕೇಳಿದವನು ನಾನು.

'ಸ್ಟೇಷನ್ ಜಾಗ.'

ಭಾವನ ಮುಖದಲ್ಲಿ ಇನ್ನೂ ನಗು ಇತ್ತು. 'ಸ್ಟೇಷನ್ ಮೇಲೆ ಅಲ್ವಾ ಸಾರ್? ಕಂಬದ ಮೇಲೆ?'

'ಹಳಿ ಮೇಲೆ ಸಾರ್. ಹತ್ತೋಕೆ ಮೆಟ್ಲು, ಲಿಫ್ಟು, ಟಿಕೆಟ್ ಕೌಂಟರು, ಕರೆಂಟಿನ ರೂಮು, ಇದಕ್ಕೆಲ್ಲ ನೆಲ ಬೇಕಲ್ವಾ? ಏಳು ಮನೆ ಬರುತ್ತೆ ಅಷ್ಟೇ. ಸರಿಯಾದ ಪರಿಹಾರ ಕೊಡ್ತೀವಿ.'

'ಮೊದಲಿದ್ದ ಕಡೆ ಎಷ್ಟು ಮನೆ ಹೋಗ್ತಿತ್ತು?' ಎಂದೆ.

'ಅಲ್ಲಿ ಸರ್ಕಾರಿ ಖಾಲಿ ಜಾಗ ಇತ್ತಲ್ಲ. ಒಂದು ಮನೇನೂ ಹೋಗ್ತಿರ್ಲಿಲ್ಲ.'

ಭಾವ ನಕ್ಷೆಯ ಮೇಲೆ ಬಾಗಿದರು. ನಾಲ್ಕನೇ ನಂಬರಿನ ಮೇಲೆ ಬೆರಳಿಟ್ಟರು. ಆಮೇಲೆ ಬೆರಳು ಐದಕ್ಕೆ ಹೋಯಿತು, ಅದು ತುಳಸಮ್ಮನ ಮನೆ. ಆಮೇಲೆ ಎದುರಿನ ಮೇಷ್ಟರ ಮನೆ. ಗರ ಬಡಿದವರ ಹಾಗೆ ಏಳು ಮನೆಯನ್ನೂ ಮುಟ್ಟಿದರು.

'ಬೇಡ ಸಾರ್. ವಾಪಸ್ ತಗೊಳ್ತೀನಿ. ಮೊದಲಿದ್ದ ಕಡೆನೇ ಇರ್ಲಿ' ಎಂದರು.

ಅಧಿಕಾರಿಗೆ ನಿಜವಾಗಿ ಗಾಬರಿಯಾಯಿತು. 'ನಿಮಗೆ ಗೊತ್ತಿಲ್ಲದೆ ಬರೆದ್ರಾ ಸಾರ್? ಇಷ್ಟು ಚೆನ್ನಾಗಿ ಬರ್ದಿದೀರಿ, ನಲವತ್ತೊಂದು ಜನ ಸಹಿ ಹಾಕಿದಾರೆ, ಎಲ್ಲ ತಿಳ್ಕೊಂಡೇ ಒಪ್ಪಿದಾರೆ ಅಂತಾನೇ ನಾವು ಅಂದ್ಕೊಂಡ್ವಿ. ಮಣ್ಣು ಪರೀಕ್ಷೆ ಆಗಿದೆ, ನಕ್ಷೆಗೆ ಮಂಜೂರಾತಿ ಆಗಿದೆ. ನಾಳೆ ಏಳು ಮನೆಗೂ ನೋಟೀಸು ಬರುತ್ತೆ. ಈಗ ನನ್ನ ಕೈಲಿ ಏನೂ ಇಲ್ಲ.'

ಬೈಯುವುದಕ್ಕೆ ಒಬ್ಬ ಮನುಷ್ಯ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಲಂಚ ಕೇಳಿದವರಿಲ್ಲ, ಮೋಸ ಮಾಡಿದವರಿಲ್ಲ. ಕೇಳಿದ್ದನ್ನು ಕೊಟ್ಟಿದ್ದರು. ಆಟೋದಲ್ಲಿ ವಾಪಸು ಬಂದೆವು. ಮನೆ ಮುಂದೆ ಇಳಿದ ಭಾವ ಒಳಗೆ ಹೋಗದೆ ಕಾಂಪೌಂಡಿನ ಮೇಲಿನ ಕೆಂಪು ನಾಲ್ಕನ್ನು ನೋಡುತ್ತಾ ನಿಂತರು. ಅಕ್ಕ ಬಾಗಿಲಿಗೆ ಬಂದು, 'ಏನಂದ್ರು?' ಎಂದು ಕೇಳಿದಳು. ನಾನು ಹೇಳಿದೆ. ಅವಳು ಅಳಲಿಲ್ಲ. ಕಂಬ ಹಿಡಿದು ಜಗಲಿಯ ಮೇಲೆ ಕೂತು, 'ಅಯ್ಯೋ ಶಿವನೇ, ತುಳಸಮ್ಮಂದೂನಾ?' ಎಂದಳು. ತನ್ನ ಮನೆಯ ಮಾತು ಎತ್ತಲಿಲ್ಲ.

ಮಾರನೇ ದಿನ ಮಧ್ಯಾಹ್ನ ನೋಟೀಸು ಹಂಚಿದರು. ಸಂಜೆ ಐದಕ್ಕೆ ಬೀದಿಗೆ ಬೀದಿಯೇ ಅಕ್ಕನ ಜಗಲಿಯ ಮುಂದೆ ಸೇರಿತು. ನಾನೂ ಅಂಗಡಿ ಬಿಟ್ಟು ಬಂದಿದ್ದೆ. ಬೈಯಲು ಬಂದಿರುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡು ನಿಂತೆ. ಅವರು ಬಂದದ್ದು ಅದಕ್ಕಲ್ಲ. ಮೇಷ್ಟರ ಕೈಯಲ್ಲಿ ಒಂದು ದಸ್ತು ಬಿಳಿ ಹಾಳೆ ಇತ್ತು.

'ಬಸಪ್ಪನೋರೆ, ನೋಡಿದ್ರಾ ಅನ್ಯಾಯಾನ? ಮೊದಲು ಆಚೆ ಇದ್ದ ಸ್ಟೇಷನ್ನ ಯಾರೋ ಪುಣ್ಯಾತ್ಮರು ಈಚೆಗೆ ತಳ್ಸಿದಾರೆ. ಯಾರೋ ದೊಡ್ಡ ಕುಳ ಜಾಗ ಉಳಿಸ್ಕೊಂಡಿರ್ಬೇಕು. ಬರೀರಿ ಒಂದು ಖಡಕ್ಕಾಗಿ. ಏನ್ ಬರೀತೀರೋ ಬರೀರಿ, ಸಹಿ ಹಾಕೋಕೆ ನಾವೆಲ್ಲ ಇದೀವಿ.'

ಎಲ್ಲರೂ ಹೌದು ಹೌದು ಎಂದರು. ತುಳಸಮ್ಮ ಮುಂದೆ ಬಂದು, ಮೊದಲ ಸಹಿ ತನ್ನದೇ ಎಂಬಂತೆ ಜಗಲಿಯ ಮೆಟ್ಟಿಲ ಮೇಲೆ ಕೂತಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೇಷ್ಟ್ರು ಹಾಳೆಗಳನ್ನು ಅವರ ತೊಡೆಯ ಮೇಲಿಟ್ಟರು. ಭಾವ ಪೆನ್ನು ತೆಗೆಯಲಿಲ್ಲ.

ಅಕ್ಕ ಒಳಗೆ ಹೋಗಿ, ಹಳೆಯ ಅರ್ಜಿಯ ಜೆರಾಕ್ಸ್ ಪ್ರತಿ ತಂದು ಗಂಡನ ಮುಂದೆ ಹಿಡಿದಳು.

'ಓದಿ. ಎಲ್ರಿಗೂ ಕೇಳೋ ಹಾಗೆ ಓದಿ. ಸಹಿ ಹಾಕೋಕ್ಮುಂಚೆ ಓದ್ಲಿಲ್ವಲ್ಲ, ಈಗಾದ್ರೂ ಓದಿ.'

ಭಾವ ಓದಿದರು. ಎರಡು ಪುಟವನ್ನೂ ಓದಿದರು. ಒಂದೊಂದು ಒಳ್ಳೆಯ ವಾಕ್ಯ ಬಂದಾಗಲೂ ನನಗೆ ಮೈ ಮೇಲೆ ಬರೆ ಎಳೆದ ಹಾಗಾಗುತ್ತಿತ್ತು. ಕೊನೆಯಲ್ಲಿ, 'ಸ್ಟೇಷನ್ ಈಚೆಗೆ ತಳ್ಸಿದ್ದು ನಾನೇ. ಬಸ್ ಸ್ಟಾಪ್ ಥರ ಅಂದ್ಕೊಂಡಿದ್ದೆ. ಸ್ಟೇಷನ್‌ಗೆ ನೆಲ ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ' ಎಂದರು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮೇಷ್ಟರ ಕೂಗು ಎದ್ದಿತು. 'ಗೊತ್ತಿರ್ಲಿಲ್ವಾ? ರೀ, ಇಪ್ಪತ್ತೆಂಟು ವರ್ಷ ಇದ್ದ ಮನೆ ಕಣ್ರೀ! ನಿಮ್ಮ ಹೆಂಡ್ತಿ ಕಾಲಿಗೆ ನಮ್ಮ ಮನೆ ಬೇಕಾಯ್ತೇನ್ರೀ?' ಚೂಡಾಮಣಿಯವರು ಗಂಡನ ತೋಳು ಹಿಡಿದೆಳೆದರು. ಯಾರೋ ಹಿಂದಿನಿಂದ ಇನ್ನೂ ಕೆಟ್ಟ ಮಾತಾಡಿದರು. ನಾನು ನಡುವೆ ಬಿದ್ದೆ, ನನಗೂ ಬೈಗುಳ ಬಿತ್ತು. ಭಾವ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು.

ಗದ್ದಲ ಸ್ವಲ್ಪ ತಗ್ಗಿದಾಗ ತುಳಸಮ್ಮ ಅರ್ಜಿಯ ಕೊನೆಯ ಹಾಳೆ ಇಸಿದುಕೊಂಡಳು. 'ಇದ್ರಾಗೆ ನನ್ ಹೆಸರು ಯಾವ್ದು?' ಎಂದಳು. ಅಕ್ಕ ತೋರಿಸಿದಳು. ತುಳಸಮ್ಮ ಅದರ ನಾಲ್ಕು ಅಕ್ಷರದ ಮೇಲೂ ಬೆರಳಾಡಿಸಿದಳು.

'ಅಂಗಾರೆ ನನ್ ಮನೆ ತಗೊಳಿ ಅಂತ ನಾನೇ ಬರ್ಕೊಟ್ಟಿದೀನಿ' ಎಂದಳು. ಆಮೇಲೆ ಭಾವನ ಕಡೆ ತಿರುಗಿದಳು. 'ನಂಗೆ ಗೊತ್ತಾಗ್ಲಿಲ್ಲ ಸರಿ. ನೀವು ಓದ್ದೋರು. ನಿಮ್ಗೂ ಗೊತ್ತಾಗ್ಲಿಲ್ವಾ ಬಸಪ್ಪೋರೆ?'

ಮೇಷ್ಟರ ಬೈಗುಳಕ್ಕೆ ತಡೆದುಕೊಂಡಿದ್ದ ಭಾವ ಈ ಮಾತಿಗೆ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಜನ ಒಬ್ಬೊಬ್ಬರಾಗಿ ಚದುರಿದರು.

ಮತ್ತೆ ಮನೆ ಹುಡುಕುವ ಕೆಲಸ ಬಂತು. ಈ ಸಲ ಯಾರೂ ನಕ್ಷೆ ಬಿಚ್ಚಲಿಲ್ಲ. ಅಕ್ಕನೇ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹಿಂದಿನ ಬೀದಿಗೆ ಹೋಗಿ, ನೆಲಮಟ್ಟದ ಒಂದು ಬಾಡಿಗೆ ಮನೆ ನೋಡಿ, ಮುಂಗಡ ಕೊಟ್ಟು ಬಂದಳು. ಶಾಲೆಯ ಗೇಟಿಗೆ ನೂರಾ ಎಪ್ಪತ್ತು ಹೆಜ್ಜೆ. ಹದಿಮೂರು ವರ್ಷ ಬಸ್ಸಿನ ಮೆಟ್ಟಿಲಿಗೆ ಹೆದರಿ ಬದುಕಿದವಳು ಒಂದೇ ಮಧ್ಯಾಹ್ನದಲ್ಲಿ ಆ ಕೆಲಸ ಮುಗಿಸಿದ್ದಳು. ಅದನ್ನು ಕೇಳಿ ನನಗೆ ನಾಚಿಕೆಯಾಯಿತು.

ಪರಿಹಾರದ ಅರ್ಜಿ ಕೊಡುವ ಗಡುವು ಹತ್ತಿರವಾಗಿತ್ತು. ಉಳಿದವರು ಯಾರ ಯಾರನ್ನೋ ಹಿಡಿದು ಬರೆಸಿಕೊಂಡರು. ತುಳಸಮ್ಮನದನ್ನು ಭಾವ ತಾವಾಗಿ ಬರೆದರು. ಅದಕ್ಕಾಗಿ ಕಚೇರಿಗೆ ಐದು ಸಲ ಅಲೆದರು. ಅವಳ ಗಂಡನ ಕಾಲದ ಕಂದಾಯದ ರಸೀತಿ ಹುಡುಕಿಸಿದರು, ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ದೂರದಲ್ಲೇ ಅವಳಿಗೆ ಬೇರೆ ಮನೆ ಸಿಗಬೇಕೆಂದು ಒಂದು ಪುಟ ಸೇರಿಸಿದರು. ನನ್ನ ಅಂಗಡಿಯಲ್ಲಿ ಟೈಪು ಮಾಡಿಸಿ, ಒಂದೊಂದು ಅಕ್ಷರವನ್ನೂ ಮೂರು ಸಲ ಓದಿ, ನನ್ನಿಂದಲೂ ಓದಿಸಿದರು. ಅವರು ಬರೆದ ಅರ್ಜಿಗಳಲ್ಲಿ ಅಷ್ಟು ಸರಿಯಾದದ್ದು ಇನ್ನೊಂದಿಲ್ಲ. ಅದು ನನಗೆ ಖಂಡಿತ ಗೊತ್ತು.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾವಿಬ್ಬರೂ ಅವಳ ಜಗಲಿಗೆ ಹೋದೆವು. ಅವಳು ಹೂವು ಕಟ್ಟುತ್ತಾ ಕೂತಿದ್ದಳು. ಭಾವ ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿ ಹೇಳಿದರು. ಎಲ್ಲಿ ಏನಿದೆ, ಯಾಕಿದೆ ಎಂದು ಬಿಡಿಸಿ ಹೇಳಿದರು. ಅವಳು ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ಭಾವ ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದರು.

ತುಳಸಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡಳು. ಪೆನ್ನು ತೆಗೆದುಕೊಳ್ಳಲಿಲ್ಲ. ಹಾಳೆಗಳನ್ನು ಮಾತ್ರ ತೆಗೆದುಕೊಂಡು, ಮುದುರದ ಹಾಗೆ ಎರಡಾಗಿ ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.

'ತಪ್ ತಿಳ್ಕಬೇಡಿ ಬಸಪ್ಪೋರೆ' ಎಂದಳು. 'ಬೇರೆ ಯಾರ್ ತಾವನಾರ ಒಂದ್ಸಲ ಓದಿಸ್ಕಂಡ್ ಬತ್ತೀನಿ.'